ಬಾ, ಬರ್ರಿ, ಬರಲಿ: ಸುರಪುರ ಸೀಮೆಯ ಮಾತಿನಲ್ಲಿ ವಿಧಿರೂಪದ ಚರಿತ್ರೆ

ಅಪ್ಪಣೆ ಕೊಡಲು, ಬೇಡಿಕೊಳ್ಳಲು, ಕರೆಯಲು, ತಡೆಯಲು, ಹರಸಲು, ಶಪಿಸಲು ಬಳಕೆಯಾಗುವ ಕ್ರಿಯಾರೂಪವನ್ನು ಕನ್ನಡ ವ್ಯಾಕರಣಗಳು ವಿಧಿ ಅಥವಾ ವಿಧ್ಯರ್ಥಕ ಎಂದು ಕರೆಯುತ್ತವೆ. ಕನ್ನಡದಲ್ಲಿ ಇದಕ್ಕಿಂತ ಚಿಕ್ಕ ಕ್ರಿಯಾರೂಪವಿಲ್ಲ. ನೋಡು, ಕೇಳು, ನಡೆ ಎಂದು ಧಾತುವನ್ನಷ್ಟೇ ನುಡಿದರೆ ಸಾಕು, ಎದುರಿಗಿದ್ದವರಿಗೆ ಹೇಳಬೇಕಾದದ್ದನ್ನು ಹೇಳಿದಂತಾಯಿತು. ರೂಪ ಚಿಕ್ಕದಾದರೂ ಹೇಳುವವರು ಯಾರು, ಕೇಳುವವರು ಯಾರು, ಅವರಿಬ್ಬರ ನಡುವಿನ ಸಂಬಂಧವೇನು ಎಂಬುದು ಇದರಲ್ಲಿ ಬಯಲಾಗುವಷ್ಟು ಬೇರೆ ಯಾವ ರೂಪದಲ್ಲೂ ಆಗುವುದಿಲ್ಲ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಬ್ಬಿರುವ ಸುರಪುರ ಸೀಮೆ ಚಾಲುಕ್ಯರನ್ನು, ಶರಣರನ್ನು, ಬೇಡ ನಾಯಕರನ್ನು, ಬ್ರಿಟಿಷ್ ಅಧಿಕಾರಿಗಳನ್ನು, ಹೈದರಾಬಾದಿನ ನಿಜಾಮರನ್ನು ಕಂಡಿದೆ. ಇವರ ಕಾಲಗಳಲ್ಲಿ ಅಪ್ಪಣೆಯ ದಾರಿಗಳು ಬದಲಾದವು. ಅದರ ಗುರುತು ಇಲ್ಲಿಯ ಜನ ಇಂದು ಆಡುವ ಮಾತಿನಲ್ಲೂ ಉಳಿದಿದೆ.

ಕನ್ನಡದ ವಿಧಿರೂಪದ ಕಟ್ಟಡವನ್ನು ಫ್ರೆಂಚ್ ಭಾಷೆಯದರ ಪಕ್ಕದಲ್ಲಿಟ್ಟರೆ ಎರಡೂ ಚೆನ್ನಾಗಿ ಕಾಣುತ್ತವೆ. ಫ್ರೆಂಚಿನಲ್ಲಿ ವಿಧಿಗೆ ಮೂರೇ ರೂಪ: ನೀನು ಎನ್ನುವವನಿಗೆ ಒಂದು, ನೀವು ಎನ್ನುವವರಿಗೆ ಒಂದು, ನಾವೆಲ್ಲ ಸೇರಿ ಮಾಡೋಣ ಎನ್ನುವುದಕ್ಕೆ ಒಂದು. ಮಾತನಾಡು ಎಂಬ ಅರ್ಥದ ಧಾತುವಿಗೆ ಇವು ಪಾರ್ಲ್, ಪಾರ್ಲೇ, ಪಾರ್ಲೋಂ ಎಂದಾಗುತ್ತವೆ. ವರ್ತಮಾನ ಕಾಲದ ರೂಪದಿಂದ ಸರ್ವನಾಮವನ್ನು ಕಳಚಿದರೆ ವಿಧಿರೂಪ ಸಿಗುತ್ತದೆ. ಈ ವರ್ಗದ ಧಾತುಗಳಿಗೆ ಏಕವಚನದಲ್ಲಿ ಕೊನೆಯ ಒಂದು ಅಕ್ಷರ ಬರವಣಿಗೆಯಲ್ಲಿ ಬಿದ್ದುಹೋಗುತ್ತದೆ, ಉಚ್ಚಾರದಲ್ಲಿ ವ್ಯತ್ಯಾಸ ಕೇಳಿಸುವುದಿಲ್ಲ. ಇರು, ಹೊಂದು, ಅರಿ, ಬಯಸು ಎಂಬ ಅರ್ಥದ ನಾಲ್ಕು ಧಾತುಗಳು ಮಾತ್ರ ಈ ದಾರಿ ಬಿಟ್ಟು ಬೇರೆ ರೂಪ ತಳೆಯುತ್ತವೆ. ಕನ್ನಡದಲ್ಲೂ ಮಾಡು, ಮಾಡಿರಿ, ಮಾಡೋಣ ಎಂಬ ಅದೇ ಮೂರು ರೂಪಗಳಿವೆ. ನಿಯಮ ತಪ್ಪುವ ಧಾತುಗಳು ಇಲ್ಲಿ ಮುಖ್ಯವಾಗಿ ಎರಡು: ಬರು, ತರು ಎಂಬವು ಬಾ, ತಾ ಆಗುತ್ತವೆ. ಆದರೆ ಕನ್ನಡಕ್ಕೆ ಫ್ರೆಂಚಿಗಿಲ್ಲದ ನಾಲ್ಕನೆಯ ರೂಪವೊಂದಿದೆ. ಎದುರಿಗಿಲ್ಲದವರಿಗೆ ಹೇಳುವ 'ಅವನು ಬರಲಿ', 'ಒಳ್ಳೆಯದಾಗಲಿ' ಎಂಬ ರೂಪ ಅದು. ಫ್ರೆಂಚ್ ಭಾಷೆ ಇದಕ್ಕೆ ಬೇರೆ ವಾಕ್ಯರಚನೆಯನ್ನೇ ಮಾಡಬೇಕಾಗುತ್ತದೆ. ಕನ್ನಡ ಒಂದೇ ಪದದಲ್ಲಿ ಮುಗಿಸುತ್ತದೆ.

ಈ ನಾಲ್ಕನೆಯ ರೂಪ ಬಹಳ ಹಳೆಯದು. ಹಳಗನ್ನಡದಲ್ಲಿ ಇದರ ಪ್ರತ್ಯಯ ಗೆ ಅಥವಾ ಕೆ ಆಗಿತ್ತು. ಬಾಳ್ಗೆ ಎಂದರೆ ಬಾಳಲಿ, ಗೆಲ್ಗೆ ಎಂದರೆ ಗೆಲ್ಲಲಿ, ಅಕ್ಕೆ ಎಂದರೆ ಆಗಲಿ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದ ಆಖ್ಯಾತ ಪ್ರಕರಣದಲ್ಲಿ ವಿಧಿಯನ್ನು ವಿವರಿಸುವಾಗ ಈ ರೂಪಗಳಿಗೂ ನಿಯಮ ಹೇಳುತ್ತಾನೆ. ಸುರಪುರ ಸೀಮೆ ಆ ಹೊತ್ತಿಗಾಗಲೇ ಶಾಸನಗಳ ಸೀಮೆಯಾಗಿತ್ತು. ಕೆಂಭಾವಿಯ ಹತ್ತಿರದ ಏವೂರಿನಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ, 1077ರ ಶಾಸನ ಸಿಕ್ಕಿದೆ. ಚಾಲುಕ್ಯರ ವಂಶಾವಳಿಯನ್ನು ಹೇಳುವುದರಿಂದ ಇತಿಹಾಸಕಾರರಿಗೆ ಅದು ಬೆಲೆಯುಳ್ಳದ್ದು. ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಗುಡಿಗಳ ಗುಂಪೂ ಶಾಸನಗಳೂ ಇವೆ.

ಇಂಥ ದಾನಶಾಸನಗಳನ್ನು ವಿಧಿರೂಪದ ಕಣ್ಣಿನಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೊರೆಯ ಅಪ್ಪಣೆ ಅಲ್ಲಿ ಸಾಮಾನ್ಯವಾಗಿ ಅಪ್ಪಣೆಯ ರೂಪದಲ್ಲಿ ಬರುವುದೇ ಇಲ್ಲ. ಕೊಟ್ಟನು, ಬಿಟ್ಟನು ಎಂದು ಆಗಿಹೋದ ಸಂಗತಿಯಾಗಿ ಬರುತ್ತದೆ. ಕಲ್ಲಿನಲ್ಲಿ ವಿಧಿಗೆ ಜಾಗ ಸಿಗುವುದು ಕೊನೆಯ ಸಾಲುಗಳಲ್ಲಿ. ಧರ್ಮವನ್ನು ಕಾಯ್ದವರಿಗೆ ಪುಣ್ಯ, ಅಳಿದವರಿಗೆ ಪಾಪ ಎಂದು ಮುಂದೆ ಹುಟ್ಟಲಿರುವ ದೊರೆಗಳಿಗೆ ಹೇಳುವ ಮಾತು ಅದು. ಬದುಕಿರುವ ದೊರೆ ತನ್ನ ಪ್ರಜೆಗೆ ಮಾಡು ಎನ್ನುವುದನ್ನು ಕಲ್ಲಿನಲ್ಲಿ ಕೊರೆಸುವ ಅಗತ್ಯವಿರಲಿಲ್ಲ. ಸತ್ತ ಮೇಲೆ ಯಾರು ಆಳುತ್ತಾರೋ ಅವರನ್ನು ಮಾತ್ರ ಹರಕೆಯಿಂದ, ಶಾಪದಿಂದ ಕಟ್ಟಬೇಕಾಗಿತ್ತು.

ಆಡುಮಾತಿನ ವಿಧಿರೂಪ ಬರಹಕ್ಕೆ ಧಾರಾಳವಾಗಿ ಇಳಿದದ್ದು ವಚನಗಳಲ್ಲಿ. ಸುರಪುರ ತಾಲ್ಲೂಕಿನ ಮುದನೂರು ಜೇಡರ ದಾಸಿಮಯ್ಯನ ಊರು. ನೇಯ್ಗೆಯ ಕಾಯಕದವನು, ಬಸವಣ್ಣನಿಗಿಂತ ಹಿಂದಿನವನು ಎಂದು ಸಾಮಾನ್ಯವಾಗಿ ಒಪ್ಪಿದ ಈ ವಚನಕಾರನ ಅಂಕಿತ ರಾಮನಾಥ. ಆ ಹೆಸರಿನ ಗುಡಿ ಮುದನೂರಿನಲ್ಲಿದೆ. ದಾಸಿಮಯ್ಯ ದೇವರಿಗೆ ನೀನು ಎಂದೇ ಮಾತನಾಡುತ್ತಾನೆ, ಅವನನ್ನು ಪ್ರಶ್ನಿಸುತ್ತಾನೆ, ಸವಾಲನ್ನೂ ಹಾಕುತ್ತಾನೆ. ಅವನ ಅಂಕಿತದ ಹಿಂದೆ ಎಷ್ಟೋ ಕಡೆ ಕಾಣಾ ಎಂಬ ಮಾತು ಬರುತ್ತದೆ. ಅದು ಕಾಣ್ ಧಾತುವಿನ ವಿಧಿರೂಪ, ಅಂದರೆ ನೋಡು ಎಂದರ್ಥ. ಆದರೆ ವಚನದಲ್ಲಿ ಅದು ಯಾರಿಗೂ ಏನನ್ನೂ ತೋರಿಸುವುದಿಲ್ಲ. ಹೇಳಿದ ಮಾತಿಗೆ ಒತ್ತು ಕೊಡುವ ಅವ್ಯಯವಾಗಿ ನಿಂತಿದೆ. ಇಂದಿನ ಸುರಪುರದ ಮಾತಿನಲ್ಲಿ 'ಮಳಿ ಬಂತು ನೋಡ್ರಿ', 'ಅಂವಾ ಹಂಗಾ ನೋಡು' ಎನ್ನುವಾಗ ನೋಡು ಎಂಬುದು ಮಾಡುವ ಕೆಲಸವೂ ಇದೇ. ಧಾತು ಬದಲಾಗಿದೆ, ಬಳಕೆಯ ಜಾಡು ಸಾವಿರ ವರ್ಷದಷ್ಟು ಹಳೆಯದು.

ದೇವರಿಗೆ ಏಕವಚನ ಎನ್ನುವುದನ್ನು ಸಲಿಗೆ ಎಂದಷ್ಟೇ ತಿಳಿದರೆ ಸಾಲದು. ಗಾದೆಗಳೂ ಏಕವಚನದಲ್ಲೇ ಇರುತ್ತವೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಮಾತನ್ನು ಗೌಡನಿಗೂ ಹೇಳಬಹುದು, ಆಳಿಗೂ ಹೇಳಬಹುದು. ಗೌಡನಿಗೆ ಹೇಳುವಾಗಲೂ ಯಾರೂ ಅದನ್ನು ಚಾಚಿರಿ ಎಂದು ತಿದ್ದುವುದಿಲ್ಲ. ಯಾರಿಗೂ ನಿರ್ದಿಷ್ಟವಾಗಿ ಹೇಳದ, ಎಲ್ಲರಿಗೂ ಸಲ್ಲುವ ಮಾತಿಗೆ ಕನ್ನಡ ಬರಿಯ ಧಾತುವನ್ನೇ ಆರಿಸಿಕೊಂಡಿದೆ. ವಚನಗಳ ಏಕವಚನದ ವಿಧಿಗೂ ಈ ಗುಣವಿದೆ.

ಬಹುವಚನದ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಳಗನ್ನಡದಲ್ಲಿ ಬಹುವಚನದ ವಿಧಿಗೆ ಇಂ ಎಂಬ ಪ್ರತ್ಯಯವಿತ್ತು: ಕೇಳಿಂ, ನೋಡಿಂ, ಬನ್ನಿಂ, ತನ್ನಿಂ. ಕೊನೆಯ ಬಿಂದು ಸವೆದು ಕೇಳಿ, ನೋಡಿ, ಬನ್ನಿ, ತನ್ನಿ ಆದವು. ಇವು ಇಂದು ಮೈಸೂರು, ಬೆಂಗಳೂರು ಕಡೆಯ ಮಾತಿನಲ್ಲಿ, ಪಠ್ಯಪುಸ್ತಕಗಳಲ್ಲಿ, ಸರ್ಕಾರಿ ಫಲಕಗಳಲ್ಲಿ ಬಳಕೆಯಲ್ಲಿರುವ ರೂಪಗಳು. ಇದರ ಜೊತೆಗೇ ಇರಿ ಎಂಬ ಇನ್ನೊಂದು ಪ್ರತ್ಯಯ ಬಳಕೆಗೆ ಬಂತು: ಕೇಳಿರಿ, ನೋಡಿರಿ, ಬರಿರಿ. ಬಂದಿರಿ, ಹೋಗುವಿರಿ ಎಂಬಲ್ಲಿ ನೀವು ಎಂಬುದಕ್ಕೆ ಹೊಂದಿ ಬರುವ ಪ್ರತ್ಯಯಕ್ಕೂ ಇದಕ್ಕೂ ನಂಟಿದೆ. ಉತ್ತರ ಕರ್ನಾಟಕದ ಮಾತು ಇದನ್ನು ಹಿಡಿದುಕೊಂಡಿತು. ನಡುವಿನ ಸ್ವರ ಜಾರಿ ಕೇಳ್ರಿ, ನೋಡ್ರಿ, ಹೋಗ್ರಿ, ಕೊಡ್ರಿ, ಉಣ್ರಿ ಆದವು. ಬಾ ಎಂಬುದರ ಬಹುವಚನ ಸುರಪುರದಲ್ಲಿ ಬರ್ರಿ, ತಾ ಎಂಬುದರದು ತರ್ರಿ. ಧಾತುವಿನ ರಕಾರ ಮತ್ತು ಪ್ರತ್ಯಯದ ರಕಾರ ಒಂದಕ್ಕೊಂದು ಕೂಡಿ ಒತ್ತಕ್ಷರವಾಗಿ ನಿಂತಿವೆ. ದಕ್ಷಿಣದ ಬನ್ನಿ ಎಂಬುದರಲ್ಲಿ ಧಾತುವಿನ ರಕಾರ ಕಾಣೆಯಾಗಿದೆ, ಸುರಪುರದ ಬರ್ರಿ ಅದನ್ನು ಉಳಿಸಿಕೊಂಡಿದೆ. ಬರ್ರಿ ಎಂಬುದು ಬನ್ನಿ ಎಂಬುದರ ಕೆಟ್ಟ ರೂಪ ಎಂದು ಈ ಭಾಗದ ಮಕ್ಕಳಿಗೆ ಎಲ್ಲಾದರೂ ಹೇಳಿಕೊಟ್ಟಿದ್ದರೆ ಅದು ಶುದ್ಧ ತಪ್ಪು. ಎರಡೂ ಒಂದೇ ಧಾತುವಿನಿಂದ ಬೇರೆ ಬೇರೆ ಪ್ರತ್ಯಯಗಳ ದಾರಿಯಲ್ಲಿ ಬಂದ ಸರಿಸಮಾನ ರೂಪಗಳು.

ವಿಧಿಯಲ್ಲಿ ಇಷ್ಟು ಗಟ್ಟಿಯಾಗಿ ನೆಲೆಯೂರಿದ ರಿ ಅಲ್ಲಿಗೇ ನಿಲ್ಲಲಿಲ್ಲ. ಹೌದ್ರಿ, ಇಲ್ರಿ, ಸಾಕ್ರಿ, ಯಾಕ್ರಿ, ಎಲ್ಲ್ಯದರಿ ಎಂದು ಕ್ರಿಯೆಯಲ್ಲದ ಪದಗಳಿಗೂ ಅದು ಹತ್ತಿತು. 'ನಾ ಬಂದೀನ್ರಿ' ಎನ್ನುವಾಗ ಕ್ರಿಯಾಪದ ನಾನು ಎಂಬುದಕ್ಕೆ ಹೊಂದಿದೆ, ರಿ ಮಾತ್ರ ಕೇಳುವವರಿಗೆ ಸಂದ ಗೌರವ. ಅಪ್ಪಣೆಯ ಬಹುವಚನವಾಗಿ ಹುಟ್ಟಿದ್ದು ಈಗ ಅಪ್ಪಣೆಯ ಸೋಂಕೇ ಇಲ್ಲದ ಮಾತಿನಲ್ಲೂ ಮರ್ಯಾದೆಯ ಗುರುತಾಗಿದೆ. ಗಂಡನನ್ನು ಹೆಸರು ಹಿಡಿದು ಕರೆಯದ ಹೆಂಡತಿಗೆ ಅದೇ ರೀ ಕರೆಯುವ ಪದವೂ ಆಯಿತು. ಈ ಒಂದು ಅಕ್ಷರದಷ್ಟು ದುಡಿದ ಪ್ರತ್ಯಯ ಕನ್ನಡದಲ್ಲಿ ವಿರಳ.

ಏಕವಚನದ ಬದಿಯಲ್ಲಿ ಸಂಬಂಧವಾಚಕಗಳು ಇದೇ ಕೆಲಸಕ್ಕೆ ನಿಂತಿವೆ. ಬರಿಯ ಬಾ ಎಂಬುದು ಸುರಪುರದ ಓಣಿಗಳಲ್ಲಿ ಒಂಟಿಯಾಗಿ ಕೇಳುವುದು ಕಡಿಮೆ. ಬಾರಪಾ, ಬಾರಣ್ಣ, ಬಾರವಾ, ಬಾ ತಂಗಿ ಎಂದೇ ಬರುತ್ತದೆ. ವಯಸ್ಸಾದವರು ಗುರುತಿಲ್ಲದ ಹುಡುಗನಿಗೂ 'ಯಪ್ಪಾ, ಇಟು ಬಾ' ಎನ್ನುತ್ತಾರೆ. ಮಗನ ವಯಸ್ಸಿನವನು ಅಲ್ಲಿ ಅಪ್ಪನಾಗುತ್ತಾನೆ. ಹೆಣ್ಣುಮಗುವನ್ನು ಅವ್ವಾ ಎಂದು ಕರೆಯುವುದೂ ಹೀಗೆಯೇ. ಜೀವದ ಗೆಳೆಯನಿಗಾದರೆ ಬಾರಲೇ. ಒಂದೇ ಧಾತು ಹಿಂದೆ ಹತ್ತಿದ ಪದಕ್ಕೆ ತಕ್ಕಂತೆ ವಾತ್ಸಲ್ಯವೂ ಆಗುತ್ತದೆ, ಸಲಿಗೆಯೂ ಆಗುತ್ತದೆ, ಜಗಳವೂ ಆಗುತ್ತದೆ.

ನಾಯಕರ ಕಾಲಕ್ಕೆ ಬಂದರೆ ಬಾಯಿಮಾತಿನ ಅಪ್ಪಣೆಯ ಜೊತೆ ಕಾಗದದ ಅಪ್ಪಣೆಯೂ ಎದುರಾಗುತ್ತದೆ. ಬೇಡ ನಾಯಕರ ಮನೆತನ ಮೊದಲು ವಾಗಿನಗೇರಾ ಕೋಟೆಯನ್ನು ನೆಲೆಯಾಗಿ ಮಾಡಿಕೊಂಡಿತ್ತು. 1705ರಲ್ಲಿ ಔರಂಗಜೇಬ ಸ್ವತಃ ಬಂದು ಅದಕ್ಕೆ ಮುತ್ತಿಗೆ ಹಾಕಿದ. ಆ ಬಾದಶಹನ ಕೊನೆಯ ದಂಡಯಾತ್ರೆ ಅದೇ. ಕೋಟೆ ಬಿದ್ದರೂ ನಾಯಕರು ಕೈಗೆ ಸಿಗಲಿಲ್ಲ. ಮುಂದೆ ಗುಡ್ಡಗಳ ನಡುವಿನ ಸುರಪುರ ಸಂಸ್ಥಾನದ ರಾಜಧಾನಿಯಾಗಿ ಬೆಳೆಯಿತು. ಕನ್ನಡ ನಾಡಿನ ಅರಸುಮನೆತನಗಳ ಆ ಕಾಲದ ಕಾಗದಪತ್ರಗಳಲ್ಲಿ ಮೇಲಿನವರು ಕೆಳಗಿನವರಿಗೆ ಬರೆಸಿ ಕಳಿಸಿದ ಅಪ್ಪಣೆಗೆ ನಿರೂಪ ಎಂದು ಹೆಸರು. ನಿರೂಪದ ಭಾಷೆಯಲ್ಲಿ ಮಾಡು, ಮಾಡಿರಿ ಎಂಬುವು ಅಪರೂಪ. ಅಲ್ಲಿ ಮೆರೆಯುವುದು ಉವುದು ಎಂಬ ಕೊನೆ: ನಡೆಸಿಕೊಂಡು ಬರುವುದು, ಕೊಡುವುದು, ತಿಳಿಸುವುದು. ಇದು ವಿಧಿರೂಪವೇ ಅಲ್ಲ, ಕೆಲಸದ ಹೆಸರು. ಕೆಲಸವನ್ನು ಹೆಸರಿಸಿದರೆ ಮಾಡುವವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ನೀನು ಎಂದು ಕೀಳಾಗಿಸುವ, ನೀವು ಎಂದು ಮೇಲಾಗಿಸುವ ತೊಡಕೂ ಇಲ್ಲ. ಫ್ರೆಂಚರೂ ಫಲಕಗಳಲ್ಲಿ, ಅಡುಗೆಯ ಪುಸ್ತಕಗಳಲ್ಲಿ ವಿಧಿರೂಪದ ಬದಲು ಧಾತುವಿನ ಮೂಲರೂಪವನ್ನೇ ಬರೆಯುವುದಕ್ಕೆ ಕಾರಣ ಇಂಥದೇ. ಓದುವವರು ಯಾರೆಂದು ಗೊತ್ತಿಲ್ಲದ ಕಡೆ ಅಪ್ಪಣೆಗೆ ಮುಖವಿರುವುದಿಲ್ಲ.

ಸಂಸ್ಥಾನದ ಕೊನೆಯ ಅಧ್ಯಾಯದಲ್ಲಿ ಅಪ್ಪಣೆ ಮತ್ತು ನಂಟಸ್ತಿಕೆ ಒಂದರೊಳಗೊಂದು ಹೆಣೆದುಕೊಂಡ ಪ್ರಸಂಗವಿದೆ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರದ ವ್ಯವಹಾರ ನೋಡಿಕೊಳ್ಳಲು ಬಂದ. ಕೃಷ್ಣಪ್ಪ ನಾಯಕನ ಮಗ ವೆಂಕಟಪ್ಪ ನಾಯಕ ಆಗ ಸಣ್ಣ ಹುಡುಗ. ರಾಜ್ಯದ ಆಡಳಿತ, ತಾಯಿ ರಾಣಿ ಈಶ್ವರಮ್ಮನೊಡನೆ ಜಗಳ ಮತ್ತು ರಾಜಿ, ಹುಡುಗನ ಓದು, ಎಲ್ಲವೂ ಟೇಲರನ ಪಾಲಿಗೆ ಬಂದವು. 1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ವಹಿಸಿ ಅವನು ಬೇರೆ ಕಡೆಗೆ ಹೋದ. ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲೆ ಇಂದೂ ಇದೆ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಹೋರಾಟ ಸೋತು ಹೈದರಾಬಾದಿನಲ್ಲಿ ಸಿಕ್ಕಿಬಿದ್ದ ಅರಸನನ್ನು ಟೇಲರ್ ಸೆರೆಯಲ್ಲಿ ಕಂಡ. ಟೇಲರನ ಆತ್ಮಕಥೆಯ ಪ್ರಕಾರ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಮರಣದಂಡನೆ ಮೊದಲು ಗಡೀಪಾರಿಗೆ, ಆಮೇಲೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಆ ಕೋಟೆಗೆ ಹೊರಟ ದಾರಿಯಲ್ಲಿ ಗುಂಡಿನೇಟಿನಿಂದ ಅರಸ ತೀರಿಕೊಂಡ.

ಅಪ್ಪಾ ಎಂಬ ಕರೆಯನ್ನು ಬ್ರಿಟಿಷ್ ಓದುಗರು ತಂದೆಯಿಲ್ಲದ ಹುಡುಗನ ಕೃತಜ್ಞತೆ ಎಂದು ಓದಿಕೊಂಡಿರಬಹುದು. ಸುರಪುರದ ಮಾತು ಬಲ್ಲವರಿಗೆ ಅದರಲ್ಲಿ ಇನ್ನೂ ಒಂದು ಪದರ ಕಾಣುತ್ತದೆ. ಅಪ್ಪಾ ಎಂದು ಕರೆದು ಬೇಡುವುದು, ಅಪ್ಪಾ ಎಂದು ಕರೆದು ಅಪ್ಪಣೆ ಮಾಡುವುದು, ಎರಡೂ ಈ ಸೀಮೆಯ ವಿಧಿಯ ನಿತ್ಯದ ರೂಢಿ. ಆ ಪದ ಅಧಿಕಾರವನ್ನು ಒಪ್ಪಿಕೊಂಡಂತೆ ತೋರುತ್ತಲೇ ಎದುರಿನವನ ಮೇಲೆ ಮನೆಯವನ ಹೊಣೆಯನ್ನು ಹೊರಿಸುತ್ತದೆ. ಆ ಹೊಣೆಯನ್ನು ಕಂಪನಿ ಸರ್ಕಾರ ಹೊರಲಿಲ್ಲ. ಇದು ಸುರಪುರದ ಚರಿತ್ರೆಯಲ್ಲಿ ಮರೆಯಬಾರದ ನೋವು.

1860ರಲ್ಲಿ ಸುರಪುರ ನಿಜಾಮನ ಆಳ್ವಿಕೆಗೆ ಸೇರಿತು. ಹೈದರಾಬಾದ್ ರಾಜ್ಯದ ಕಚೇರಿಗಳಲ್ಲಿ ಮೊದಲು ಪಾರಸಿ, 1884ರಿಂದ ಉರ್ದು ನಡೆಯಿತು. ಅಪ್ಪಣೆ ಈಗ ನಿರೂಪವಲ್ಲ, ಹುಕುಂ, ಫರ್ಮಾನು, ತಾಕೀದು. ಉರ್ದುವಿನಲ್ಲಿ ವಿಧಿಗೆ ಕರ್, ಕರೋ, ಕೀಜಿಯೇ ಎಂದು ಮೂರು ಮೆಟ್ಟಿಲುಗಳಿವೆ. ಕನ್ನಡ ಈ ಮೆಟ್ಟಿಲುಗಳನ್ನು ಎರವಲು ಪಡೆಯಲಿಲ್ಲ. ಪದಗಳನ್ನು ಮಾತ್ರ ತೆಗೆದುಕೊಂಡು ತನ್ನ ವಿಧಿಯನ್ನೇ ಅವಕ್ಕೆ ತೊಡಿಸಿತು: ಹಾಜರಾಗ್ರಿ, ಜಮಾ ಮಾಡ್ರಿ, ತಯಾರಿ ಮಾಡ್ರಿ. ಹೆಸರು ಪಾರಸಿಯದೋ ಅರಬ್ಬಿಯದೋ ಇರಲಿ, ಅದನ್ನು ಆಗು, ಮಾಡು ಎಂಬ ಅಚ್ಚಗನ್ನಡ ಧಾತುಗಳು ಹೊತ್ತು ನಡೆದವು.

ಉರ್ದುವಿನಲ್ಲಿ ಬಂದ ಹುಕುಂ ಊರಿನ ಜನಕ್ಕೆ ಮುಟ್ಟುತ್ತಿದ್ದುದು ಡಂಗುರದ ಮೂಲಕ. ಹಲಗಿ ಬಾರಿಸುತ್ತ ಓಣಿ ಓಣಿ ತಿರುಗಿ, ನಾಲ್ಕು ಜನ ಕೂಡುವ ಕಡೆ ನಿಂತು, 'ಕೇಳ್ರಪ್ಪೋ ಕೇಳ್ರಿ' ಎಂಬಂಥ ಕರೆಯೊಂದಿಗೆ ಸುದ್ದಿ ಶುರುವಾಗುತ್ತಿತ್ತು. ತೆರಿಗೆಯ ಗಡುವು, ಸಂತೆಯ ಬದಲಾವಣೆ, ಸಾಹೇಬರ ಭೇಟಿ, ದನ ಕಳೆದ ಸುದ್ದಿ, ಯಾವುದೇ ಇರಲಿ, ಕರೆ ಮಾತ್ರ ಬಹುವಚನದಲ್ಲಿರುತ್ತಿತ್ತು. ಆ ಕರೆಯಲ್ಲಿ ಅಪ್ಪ ಎಂಬ ನಂಟು, ರಿ ಎಂಬ ಗೌರವ, ಓ ಎಂಬ ದೂರದ ಕೂಗು ಮೂರೂ ಕೇಳ್ ಧಾತುವಿಗೆ ಹತ್ತಿವೆ. ಹಲಗಿ ಬಾರಿಸುತ್ತಿದ್ದವನು ಬಹುಪಾಲು ಊರ ಹೊರಗಿನ ಕೇರಿಯವನು. ಊರಿಗೆಲ್ಲ ರಿ ಹಚ್ಚಿ ಹೇಳಬೇಕಾದ ಅವನಿಗೆ ಊರು ಹೇಳುತ್ತಿದ್ದುದು 'ಬಾರೋ', 'ಹೋಗಲೇ'. ವಯಸ್ಸಾದವನಿಗೂ ಅದೇ, ಅವನ ಹೆಂಡತಿಗೂ ಅದೇ ಏಕವಚನ. ಗೆಳೆಯರ ನಡುವೆ ಸಲಿಗೆಯಾದ ಲೇ ಎಂಬುದು ಜಾತಿಯ ಬಾಯಲ್ಲಿ ಅವಮಾನದ ಅಸ್ತ್ರವಾಯಿತು. ವ್ಯಾಕರಣದಲ್ಲಿ ಏಕವಚನ, ಬಹುವಚನ ಎಂದು ಎರಡೇ ಸಾಲಿನಲ್ಲಿ ಮುಗಿಯುವ ಭೇದ ಊರಿನಲ್ಲಿ ಮನುಷ್ಯರನ್ನು ಮೇಲೆ ಕೆಳಗೆ ಕೂರಿಸುವ ಕೆಲಸ ಮಾಡಿತು. ವಿಧಿರೂಪದ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆದರೆ ಚರಿತ್ರೆ ಅರ್ಧವಾಗುತ್ತದೆ.

ತಡೆಯುವ ವಿಧಿಗೆ, ಅಂದರೆ ನಿಷೇಧಕ್ಕೆ, ಬೇರೆಯದೇ ದಾರಿಯಿದೆ. ಫ್ರೆಂಚಿನಲ್ಲಿ ವಿಧಿರೂಪದ ಹಿಂದೆ ಮುಂದೆ ಒಂದೊಂದು ನಿಷೇಧದ ಪದ ಇಟ್ಟರೆ ಆಯಿತು. ಹಳಗನ್ನಡ ಮಾಡದಿರ್ ಎಂದು ಧಾತುವಿಗೇ ನಿಷೇಧವನ್ನು ಹೊಸೆದು ಇರ್ ಎಂಬ ಧಾತುವನ್ನು ಸೇರಿಸುತ್ತಿತ್ತು. ಬೇಕು ಎಂಬುದರ ನಿಷೇಧವಾದ ಬೇಡ ಇದನ್ನು ಮೆಲ್ಲಗೆ ಹಿಂದೆ ಸರಿಸಿತು. ಹನ್ನೆರಡನೆಯ ಶತಮಾನಕ್ಕೆ ಬೇಡ ಎಷ್ಟು ಬಲವಾಗಿತ್ತೆಂದರೆ, ಬಸವಣ್ಣನ ತುಂಬ ಪ್ರಸಿದ್ಧವಾದ ವಚನವೊಂದು ಏಳು ಬೇಡಗಳ ಮೇಲೆಯೇ ನಿಂತಿದೆ. ಸುರಪುರದಲ್ಲಿ ಅದು ಬ್ಯಾಡ: ಹೋಗಬ್ಯಾಡ, ಅಳಬ್ಯಾಡವಾ, ಸಿಟ್ಟಾಗಬ್ಯಾಡ್ರಿ. ನಿನಗೆ ಇದು ಬೇಕಿಲ್ಲ ಎನ್ನುವುದರ ಮೂಲಕ ಇದನ್ನು ಮಾಡಬಾರದು ಎನ್ನುವ ಈ ದಾರಿಯಲ್ಲಿ ಗದರಿಕೆಯ ಅಂಚು ಮೊಂಡಾಗುತ್ತದೆ. ಸಮಾಧಾನದ ಮಾತಿಗೆ ಬ್ಯಾಡ ಇಷ್ಟು ಒದಗುವುದು ಅದಕ್ಕಾಗಿಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳೂ ಕಂಪನಿಯ ನೌಕರರೂ ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆಯತೊಡಗಿದರು. ವಿಲಿಯಂ ಕೇರಿಯದು 1817ರಲ್ಲಿ, ಜಾನ್ ಮೆಕೆರೆಲ್‌ನದು 1820ರಲ್ಲಿ ಬಂತು. ಫರ್ಡಿನಾಂಡ್ ಕಿಟೆಲ್ 1903ರ ತನ್ನ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ರೂಪಗಳನ್ನು ಒಟ್ಟಿಗೆ ಇಟ್ಟು ತೋರಿಸಿದ. ಇಂ ಪ್ರತ್ಯಯ ಇ ಆದ ದಾರಿ ಅಂಥ ಹೋಲಿಕೆಯಲ್ಲಿ ಸ್ಪಷ್ಟವಾಗುತ್ತದೆ. ಕಲಬುರಗಿ ಸೀಮೆಯ ಆಡುಮಾತಿನ ಮೇಲೆ ಆರ್. ಮಹಾದೇವನ್ ಅವರ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿತು.

1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡು 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1963ರ ರಾಜ್ಯಭಾಷಾ ಕಾಯ್ದೆಯ ನಂತರ, ಕಚೇರಿಯ ಅಪ್ಪಣೆ ಮತ್ತೆ ಕನ್ನಡಕ್ಕೆ ಬಂತು. ಆದರೆ ಬಂದದ್ದು ಬೇರೆಯ ಕನ್ನಡ. ನಿರೂಪದ ಉವುದು ಹೋಗಿ ಸಲ್ಲಿಸತಕ್ಕದ್ದು, ಆದೇಶಿಸಲಾಗಿದೆ, ಕೋರಲಾಗಿದೆ ಎಂಬುವು ಬಂದವು. ಆದೇಶಿಸಲಾಗಿದೆ ಎಂಬುದರಲ್ಲಿ ಹೇಳುವವರ ಗುರುತೂ ಅಳಿಸಿಹೋಗಿದೆ. ಶಾಲೆಯ ಪುಸ್ತಕ ಬನ್ನಿ, ಕುಳಿತುಕೊಳ್ಳಿ ಎನ್ನುತ್ತದೆ, ಅದೇ ಶಾಲೆಯ ಮಾಸ್ತರರು ಪಾಲಕರಿಗೆ 'ಬರ್ರಿ, ಕೂಡ್ರಿ' ಎನ್ನುತ್ತಾರೆ. ಬಸ್ಸಿನೊಳಗೆ ಧೂಮಪಾನ ಮಾಡಬೇಡಿ ಎಂದು ಬರೆದಿರುತ್ತದೆ, ಕಂಡಕ್ಟರ್ 'ಒಳಗ ನಡೀರಿ, ಚಿಲ್ಲರ ಕೊಡ್ರಿ' ಎಂದು ಕೂಗುತ್ತಾರೆ. ಅರ್ಜಿಯ ನಮೂನೆಯಲ್ಲಿ ದಾಖಲೆಗಳನ್ನು ಲಗತ್ತಿಸತಕ್ಕದ್ದು ಎಂದು ಅಚ್ಚಾಗಿರುತ್ತದೆ. ಕೌಂಟರಿನ ಆಚೆ ಕುಳಿತವರು ಅದನ್ನು ನೋಡಿ, ಎದುರು ನಿಂತ ಮುದುಕಿಗೆ 'ಯವ್ವಾ, ಇದಕ್ಕ ಆಧಾರ್ ಝೆರಾಕ್ಸ್ ಹಚ್ಚಿ ತೊಗೊಂಡ್ ಬಾ' ಎಂದೋ, ಪ್ಯಾಂಟು ಹಾಕಿದ ನೌಕರನಿಗಾದರೆ 'ತೊಗೊಂಡ್ ಬರ್ರಿ ಸರ್' ಎಂದೋ ಹೇಳುತ್ತಾರೆ.